ಹಪ್ಪಳ ಎಲ್ಲಿದೆ? ಮೆನು ಮತ್ತು ಕೊಂಡಿಗಳ ಬಗ್ಗೆ ಒಂದಿಷ್ಟು ಮಾತು

(ನಮ್ಮೂರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿಗೆ ಕರೆದವರು ಫೋನಿನಲ್ಲಿ ವಿಷಯ ಏನು ಅಂತ ಕೇಳಿದರು. ‘ಮೆನು’ ಅಂದೆ. ‘ಅಡುಗೆ ಬಗ್ಗೇನಾ ಸಾರ್? ಹಾಗಾದ್ರೆ ಜನ ಜಾಸ್ತಿ ಬರ್ತಾರೆ’ ಅಂದರು. ಜಾಲತಾಣದ ಮೆನು ಅಂತ ಬಿಡಿಸಿ ಹೇಳಿದಾಗ ಅವರ ದನಿ ಸ್ವಲ್ಪ ಇಳಿಯಿತು. ಆದರೂ ಇಷ್ಟು ಜನ ಬಂದಿದ್ದೀರಿ. ಅಡುಗೆಯೂ ಸ್ವಲ್ಪ ಬರುತ್ತದೆ, ನಿರಾಸೆ ಬೇಡ.

ನಾನು ಜಾಲತಾಣ ಕಟ್ಟುವ ಕೆಲಸದವನು. ಕೆಲವು ವರ್ಷಗಳ ಹಿಂದೆ ಒಂದು ಮಹಿಳಾ ಸಂಘಕ್ಕೆ ತಾಣ ಮಾಡಿಕೊಟ್ಟೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಸಾರಿನ ಪುಡಿ ಮಾಡಿ ಮಾರುವವರು. ಮೇಲೆ ಸಾಲಾಗಿ ಮೆನು ಇಟ್ಟೆ. ಮುಖಪುಟ, ನಮ್ಮ ಬಗ್ಗೆ, ಉತ್ಪನ್ನಗಳು, ಸೇವೆಗಳು, ಸಂಪರ್ಕ. ಎಲ್ಲರ ತಾಣದಲ್ಲೂ ಇರುವುದೇ. ಸೇವೆ ಅಂತ ಅವರು ಏನೂ ಕೊಡುತ್ತಿರಲಿಲ್ಲ, ಆದರೂ ಇಟ್ಟೆ. ಸಾಲು ತುಂಬಿ ಕಾಣಲಿ ಅಂತ.

ವಾರ ಕಳೆದ ಮೇಲೆ ಸಂಘದ ಒಬ್ಬ ಅಕ್ಕ ಫೋನ್ ಮಾಡಿದರು. ‘ಅಲ್ಲಪ್ಪಾ, ತಾಣ ನೋಡಿದವರೆಲ್ಲ ನಮಗೇ ಫೋನ್ ಮಾಡಿ ಹಪ್ಪಳ ಎಲ್ಲಿದೆ ಅಂತ ಕೇಳ್ತಿದ್ದಾರೆ. ಹಾಗಾದ್ರೆ ಆ ತಾಣ ಯಾಕೆ ಬೇಕಿತ್ತು?’

ಹಪ್ಪಳ ಎಲ್ಲಿತ್ತು ಅಂದರೆ, ‘ಉತ್ಪನ್ನಗಳು’ ಒಳಗೆ ‘ಒಣ ಪದಾರ್ಥಗಳು’ ಒಳಗೆ ಕೂತಿತ್ತು. ನನಗೆ ಅದು ಸರಿಯಾದ ಜಾಗವೇ ಅನ್ನಿಸಿತ್ತು. ಆದರೆ ಹಪ್ಪಳ ಬೇಕಾದವರು ಯಾರೂ ಮನಸ್ಸಿನಲ್ಲಿ ‘ನನಗೊಂದು ಉತ್ಪನ್ನ ಬೇಕು, ಅದೂ ಒಣದು’ ಅಂದುಕೊಂಡು ಬರುವುದಿಲ್ಲ.

ಮುಂದಿನ ವಾರ ಅವರ ಊರಿಗೆ ಹೋದೆ. ಅವರು ಮಾರುವ ಒಂದೊಂದು ಪದಾರ್ಥದ ಹೆಸರನ್ನೂ ಒಂದೊಂದು ಚೀಟಿಯಲ್ಲಿ ಬರೆದು ಜಮಖಾನದ ಮೇಲೆ ಹರಡಿದೆ. ‘ಯಾವುದು ಯಾವುದರ ಜೊತೆ ಇರಬೇಕೋ ಹಾಗೆ ಗುಂಪು ಮಾಡಿ. ನಾನು ಬಾಯಿ ಬಿಡೋದಿಲ್ಲ’ ಅಂದೆ. ಇದಕ್ಕೆ ನಮ್ಮ ಕಸುಬಿನಲ್ಲಿ ಕಾರ್ಡ್ ಸಾರ್ಟಿಂಗ್ ಅಂತಾರೆ. ದೊಡ್ಡ ಕಂಪನಿಗಳೂ ಮಾಡುವುದು ಇದನ್ನೇ. ಅವರ ಚೀಟಿಗಳು ಬಣ್ಣಬಣ್ಣದ್ದಿರುತ್ತವೆ, ಅಷ್ಟೇ.

ಚಟ್ನಿಪುಡಿಯನ್ನು ನಾನು ಸಾರಿನ ಪುಡಿ, ಹುಳಿಪುಡಿ ಜೊತೆ ‘ಪುಡಿಗಳು’ ಅಂತ ಇಟ್ಟಿದ್ದೆ. ಹೆಸರಲ್ಲೇ ಪುಡಿ ಇದೆಯಲ್ಲ. ಅವರು ಆ ಚೀಟಿಯನ್ನು ಎತ್ತಿ ಉಪ್ಪಿನಕಾಯಿ ಪಕ್ಕ ಇಟ್ಟರು. ‘ಇದು ನೆಂಚಿಕೊಳ್ಳೋದಲ್ವಾ?’ ಬಾಳಕದ ಮೆಣಸಿನಕಾಯಿ ನನ್ನ ತಾಣದಲ್ಲಿ ಮಸಾಲೆಗಳ ಜೊತೆ ಇತ್ತು. ಅದು ಹಪ್ಪಳ, ಸಂಡಿಗೆ ಪಕ್ಕಕ್ಕೆ ಹೋಯಿತು. ‘ಇದು ಕರಿಯೋದು.’ ಅರ್ಧ ಗಂಟೆಯಲ್ಲಿ ಮೂರು ಗುಂಪಾಯಿತು. ಕರಿಯೋದು, ನೆಂಚಿಕೊಳ್ಳೋದು, ಅಡುಗೆಗೆ ಹಾಕೋದು. ನಾನು ಪದಾರ್ಥ ಹೇಗಿದೆ ಅಂತ ನೋಡಿ ವಿಂಗಡಿಸಿದ್ದೆ. ಅವರು ಅದನ್ನು ಏನು ಮಾಡ್ತೀವಿ ಅಂತ ನೋಡಿ ವಿಂಗಡಿಸಿದರು. ಕೊಳ್ಳುವವರ ತಲೆಯಲ್ಲಿ ಓಡುವುದೂ ಅದೇ ಅಲ್ವಾ? ಮಳೆ ಬರ್ತಿದೆ, ಕರಿಯೋಕೆ ಏನಾದ್ರೂ ಬೇಕು. ಮಗ ಹಾಸ್ಟೆಲಿಗೆ ಹೊರಟಿದ್ದಾನೆ, ನೆಂಚಿಕೊಳ್ಳೋಕೆ ಏನಾದ್ರೂ ಕಳಿಸಬೇಕು.

ಮೆನು ಬದಲಾಯಿಸಿದೆ. ‘ಹಪ್ಪಳ ಎಲ್ಲಿದೆ’ ಅನ್ನುವ ಫೋನುಗಳು ನಿಂತವು. ‘ಹಪ್ಪಳ ಯಾವಾಗ ಬರುತ್ತೆ’ ಅನ್ನುವ ಫೋನುಗಳು ಶುರುವಾದವು. ಅದು ನನ್ನ ವಿಭಾಗ ಅಲ್ಲ.

ಇದರ ಹಿಂದಿರುವ ವಿಚಾರವನ್ನು 1990ರ ದಶಕದಲ್ಲಿ ಅಮೆರಿಕದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದ ಪೀಟರ್ ಪಿರೋಲಿ ಮತ್ತು ಸ್ಟುವರ್ಟ್ ಕಾರ್ಡ್ ವಿವರಿಸಿದರು. ಕಾಡಿನಲ್ಲಿ ಪ್ರಾಣಿ ಆಹಾರ ಹುಡುಕುವ ಹಾಗೇ ಮನುಷ್ಯ ಮಾಹಿತಿ ಹುಡುಕುತ್ತಾನೆ ಅನ್ನುವುದು ಅವರ ಮಾತು. ವಾಸನೆ ಬಲವಾಗಿದ್ದ ಕಡೆ ಮುಂದೆ ಹೋಗುತ್ತದೆ. ವಾಸನೆ ತೆಳುವಾದರೆ ಜಾಗ ಬದಲಾಯಿಸುತ್ತದೆ. ಕನ್ನಡದಲ್ಲಿ ನಮಗೆ ಇನ್ನೂ ಒಳ್ಳೆಯ ಪದ ಇದೆ, ಜಾಡು. ಮೆನುವಿನ ಒಂದೊಂದು ಪದವೂ ಜಾಡು ಕೊಡಬೇಕು. ‘ಉತ್ಪನ್ನಗಳು’ ಅನ್ನುವ ಪದಕ್ಕೆ ಹಪ್ಪಳದ ವಾಸನೆ ಇಲ್ಲ. ‘ಕರಿಯೋಕೆ’ ಅನ್ನುವುದಕ್ಕೆ ಎಣ್ಣೆ ಕಾದ ವಾಸನೆಯೇ ಇದೆ.

ಕಚೇರಿಗಳ ತಾಣದಲ್ಲಿ ಈ ಕಷ್ಟ ಜಾಸ್ತಿ. ಒಂದು ಕಚೇರಿಯ ತಾಣದಲ್ಲಿ ನಮ್ಮ ಚಿಕ್ಕಪ್ಪ ಪಹಣಿ ಹುಡುಕಲು ಕೂತರು. ಮೆನುವಿನಲ್ಲಿ ಇದ್ದದ್ದು ವಿಭಾಗಗಳ ಹೆಸರು. ಯಾವ ಶಾಖೆ, ಯಾರ ಕೈಕೆಳಗೆ, ಯಾವ ಸುತ್ತೋಲೆ. ಒಳಗಿರುವವರು ತಮ್ಮ ಕಚೇರಿಯನ್ನೇ ಮೆನು ಮಾಡಿ ಇಟ್ಟಿದ್ದರು. ಚಿಕ್ಕಪ್ಪನಿಗೆ ಯಾರ ಮೇಜು ಎಲ್ಲಿದೆ ಅಂತ ಗೊತ್ತಾಗಬೇಕಿರಲಿಲ್ಲ, ಪಹಣಿ ಬೇಕಿತ್ತು. ಕೊನೆಗೆ ಪಕ್ಕದ ಸೈಬರ್ ಸೆಂಟರ್ ಹುಡುಗ ಎರಡು ನಿಮಿಷದಲ್ಲಿ ತೆಗೆದುಕೊಟ್ಟ. ಅವನಿಗೆ ದಾರಿ ಬಾಯಿಪಾಠ ಆಗಿತ್ತು. ನಮ್ಮಲ್ಲಿ ಎಷ್ಟೋ ಸೈಬರ್ ಸೆಂಟರುಗಳು ನಡೆಯುತ್ತಿರುವುದೇ ಕೆಟ್ಟ ಮೆನುಗಳ ಪುಣ್ಯದಿಂದ ಅಂತ ನನಗೆ ಒಂದೊಂದು ಸಲ ಅನಿಸುತ್ತದೆ.

ಈಗ ಮತ್ತೆ ಜಮಖಾನಕ್ಕೆ ಬರೋಣ. ಒಂದು ಚೀಟಿ ಹೇಳದೆ ಉಳಿದಿತ್ತು. ಪುಳಿಯೋಗರೆ ಗೊಜ್ಜು. ಅನ್ನಕ್ಕೆ ಕಲಸುವುದು, ಹಾಗಾಗಿ ಅಡುಗೆಗೆ ಹಾಕೋದು ಅಂತ ಅರ್ಧ ಜನ. ನಮ್ಮನೇಲಿ ಚಪಾತಿಗೆ ನೆಂಚಿಕೊಳ್ತೀವಿ ಅಂತ ಇನ್ನರ್ಧ ಜನ. ಜೋರು ಜಗಳವೇ ಆಯಿತು. ಅಂಗಡಿಯಲ್ಲಾದರೆ ಒಂದು ಬಾಟಲಿಯನ್ನು ಒಂದು ಗೂಡಿನಲ್ಲಿ ಮಾತ್ರ ಇಡಬಹುದು. ತಾಣದಲ್ಲಿ ಆ ಕಟ್ಟು ಇಲ್ಲ. ಪುಟ ಒಂದೇ, ಅದಕ್ಕೆ ದಾರಿ ಎರಡು. ಎರಡೂ ಕಡೆಯಿಂದ ಕೊಂಡಿ, ಅಂದರೆ ಲಿಂಕ್, ಕೊಟ್ಟೆ. ಜಗಳ ಮುಗಿಯಿತು.

ಇದೇ ಗೊಜ್ಜಿನ ಜಗಳದಿಂದ ವೆಬ್ ಹುಟ್ಟಿತು ಅಂದರೆ ನೀವು ನಗಬಹುದು. ಆದರೆ ಹೆಚ್ಚುಕಡಿಮೆ ಹಾಗೇ. ಜಿನೀವಾ ಹತ್ತಿರ ಸರ್ನ್ ಅನ್ನುವ ಭೌತವಿಜ್ಞಾನದ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಜನ ಬರುತ್ತಿದ್ದರು, ಎರಡು ವರ್ಷ ಇದ್ದು ಹೋಗುತ್ತಿದ್ದರು. ಅವರ ಜೊತೆ ಮಾಹಿತಿಯೂ ಹೋಗುತ್ತಿತ್ತು. 1989ರ ಮಾರ್ಚ್‌ನಲ್ಲಿ ಟಿಮ್ ಬರ್ನರ್ಸ್-ಲೀ ಇದಕ್ಕೊಂದು ಪರಿಹಾರ ಬರೆದು ಮೇಲಿನವರಿಗೆ ಕೊಟ್ಟರು. ಮಾಹಿತಿಯನ್ನು ಮರದ ಹಾಗೆ ಕೊಂಬೆ, ರೆಂಬೆ ಅಂತ ಜೋಡಿಸಿದರೆ ಏನು ತೊಂದರೆ ಅಂತ ಅದರಲ್ಲಿ ಬೇರೆಯಾಗಿಯೇ ಬರೆದಿದ್ದರು. ಎಲೆ ಒಂದು ರೆಂಬೆಯಲ್ಲಿ ಮಾತ್ರ ಇರುತ್ತದೆ. ನಿಜವಾದ ವಿಷಯಗಳು ಹಾಗಿರುವುದಿಲ್ಲ. ಅವಕ್ಕೆ ಬೇಕಾದದ್ದು ಬಲೆ, ಇಂಗ್ಲಿಷಿನಲ್ಲಿ ವೆಬ್.

ಆ ಕಾಲದಲ್ಲಿ ಬಲೆಗೆ ಒಂದು ಗಟ್ಟಿ ಎದುರಾಳಿ ಇತ್ತು. ಹೆಸರು ಗೋಫರ್. 1991ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು. ಗೋಫರ್ ಅಂದರೆ ಬಿಲ ತೋಡುವ ಒಂದು ಪ್ರಾಣಿ, ಆ ವಿಶ್ವವಿದ್ಯಾಲಯದ ಆಟಗಾರರ ಗುರುತು. ಗೋಫರ್‌ನಲ್ಲಿ ಎಲ್ಲವೂ ಮೆನು. ತೆರೆದರೆ ಒಂದು ಪಟ್ಟಿ. ಒಂದನ್ನು ಆರಿಸಿದರೆ ಇನ್ನೊಂದು ಪಟ್ಟಿ. ಹೀಗೆ ಇಳಿದು ಇಳಿದು ಕೊನೆಗೆ ಒಂದು ಬರಹ ಸಿಗುತ್ತಿತ್ತು. ಆ ಬರಹದಿಂದ ಮುಂದೆ ದಾರಿ ಇಲ್ಲ. ಬಂದ ದಾರಿಯಲ್ಲೇ ವಾಪಸ್ ಹತ್ತಬೇಕು. ತುಂಬಾ ಅಚ್ಚುಕಟ್ಟು, ಸಾಲಾಗಿ ಬೀರು ಜೋಡಿಸಿಟ್ಟ ಹಾಗೆ. ಶುರುವಿನಲ್ಲಿ ವೆಬ್‌ಗಿಂತ ಇದೇ ಜನಪ್ರಿಯವಾಗಿತ್ತು.

1993ರ ಶುರುವಿನಲ್ಲಿ ವಿಶ್ವವಿದ್ಯಾಲಯ ಗೋಫರ್ ಸರ್ವರಿನ ಕೆಲವು ಬಳಕೆಗೆ ಹಣ ಕೇಳುತ್ತೇವೆ ಅಂದಿತು. ಅದೇ ವರ್ಷ ಏಪ್ರಿಲ್ 30ಕ್ಕೆ ಸರ್ನ್ ತನ್ನ ವೆಬ್ ತಂತ್ರಾಂಶವನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟಿತು. ಗೋಫರ್ ಸೋತದ್ದು ಹಣದ ವಿಷಯಕ್ಕೆ ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ನಿಜ ಅಂತ ನನ್ನ ಅಭಿಪ್ರಾಯ. ಓದುತ್ತಾ ಓದುತ್ತಾ ಒಂದು ಪದದ ಹತ್ತಿರ ‘ಇದೇನಿದು?’ ಅನ್ನಿಸುತ್ತದಲ್ಲ, ಆ ಕ್ಷಣಕ್ಕೆ ಗೋಫರ್ ಹತ್ತಿರ ಉತ್ತರ ಇರಲಿಲ್ಲ. ಬಲೆಯ ಹತ್ತಿರ ಇತ್ತು. ಆ ಪದವೇ ಬಾಗಿಲು.

ಹಾಗಂತ ಮೆನು ಮತ್ತು ಕೊಂಡಿ ಬೇರೆ ಬೇರೆ ಜಾತಿ ಅಂದುಕೊಳ್ಳಬೇಡಿ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್ಮನ್ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲೇ ಬರಹದ ಒಳಗೆ ಒತ್ತಬಹುದಾದ ಪದಗಳನ್ನು ಮಾಡಿದ್ದರು. ಅವರು ಅದಕ್ಕೆ ಕೊಟ್ಟ ಹೆಸರು ಏನು ಗೊತ್ತಾ? ‘ವಾಕ್ಯದೊಳಗೆ ಹುದುಗಿದ ಮೆನು’ ಅನ್ನುವ ಅರ್ಥದ ಹೆಸರು. ನನಗೆ ಇದು ಬಹಳ ಇಷ್ಟ. ಕೊಂಡಿ ಅಂದರೆ ಸಾಲಿನಿಂದ ಎದ್ದು ಬಂದು ವಾಕ್ಯದೊಳಗೆ ಕೂತ ಮೆನು.

ಬಣ್ಣದ ಪರೀಕ್ಷೆಯನ್ನೂ ಅವರು ಮಾಡಿದರು. ಕೆಂಪು ಹಾಕಿದರೆ ಕೊಂಡಿ ಚೆನ್ನಾಗಿ ಕಾಣುತ್ತಿತ್ತು, ಆದರೆ ಓದಿದ್ದು ತಲೆಗೆ ಹೋಗುತ್ತಿರಲಿಲ್ಲ. ಕಣ್ಣೆಲ್ಲ ಕೆಂಪಿನ ಮೇಲೇ. ತಿಳಿನೀಲಿ ಕಣ್ಣಿಗೂ ಬೀಳುತ್ತಿತ್ತು, ಓದಿಗೂ ಅಡ್ಡ ಬರುತ್ತಿರಲಿಲ್ಲ. 1993ರಲ್ಲಿ ಬಂದ ಮೊಸಾಯಿಕ್ ಬ್ರೌಸರಿನಲ್ಲೂ ಕೊಂಡಿ ನೀಲಿ. ಅದಕ್ಕೂ ಮುಂಚೆ ಸರ್ನ್‌ನ ಒಂದು ಬ್ರೌಸರಿನಲ್ಲಿ ಬಣ್ಣವೂ ಇರಲಿಲ್ಲ, ಮೌಸೂ ಇರಲಿಲ್ಲ. ಕೊಂಡಿಯ ಪಕ್ಕ ಕಂಸದಲ್ಲಿ ಒಂದು ಅಂಕಿ ಇರುತ್ತಿತ್ತು. ಕೀಲಿಮಣೆಯಲ್ಲಿ ಆ ಅಂಕಿ ಒತ್ತಿದರೆ ಅಲ್ಲಿಗೆ ಹೋಗುತ್ತಿತ್ತು.

ನೀಲಿ ಜೊತೆಗೆ ಅಡಿಗೆರೆ ಬಂತು. ಇಲ್ಲಿ ನಮ್ಮ ಲಿಪಿಗೆ ಸ್ವಲ್ಪ ಪೆಟ್ಟು ಬಿತ್ತು. ಇಂಗ್ಲಿಷಿನಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರ ನಾಲ್ಕೈದು. ನಮ್ಮಲ್ಲಿ ಒತ್ತಕ್ಷರಗಳೆಲ್ಲ ಕೆಳಗೇ. ‘ಕನ್ನಡ’ ಅಂತ ಬರೆದು ಅಡಿಗೆರೆ ಎಳೆದರೆ ನಕಾರದ ಒತ್ತಿನ ಮೇಲೇ ಗೆರೆ ಹೋಗುತ್ತದೆ. ಈಗಿನ ಬ್ರೌಸರುಗಳು ಅಕ್ಷರ ಬಂದ ಕಡೆ ಗೆರೆಯನ್ನು ಕಡಿದು ಬಿಡುತ್ತವೆ. ಒತ್ತು ಜಾಸ್ತಿ ಇರುವ ಪದದಲ್ಲಿ ಗೆರೆ ತುಂಡು ತುಂಡಾಗಿ ಎರಡು ಮೂರು ಕೊಂಡಿ ಇರುವ ಹಾಗೆ ಕಾಣುತ್ತದೆ. ಕನ್ನಡ ತಾಣ ಮಾಡುವವರು ಗೆರೆಯನ್ನು ಸ್ವಲ್ಪ ಕೆಳಗೆ ಇಳಿಸಬೇಕು. ಒಂದೇ ಸಾಲಿನ ಕೆಲಸ. ಬಹಳ ಜನ ಮಾಡುವುದಿಲ್ಲ.

ಇನ್ನೊಂದು ನಮ್ಮದೇ ತಾಪತ್ರಯ, ವಿಭಕ್ತಿ. ಇಲ್ಲಿ ವಿಕಿಪೀಡಿಯಕ್ಕೆ ಬರೆಯುವವರು ಯಾರಾದರೂ ಇದ್ದರೆ ತಲೆ ಆಡಿಸುತ್ತೀರಿ. ಅಲ್ಲಿ ಒಂದು ಪುಟಕ್ಕೆ ಕೊಂಡಿ ಕೊಡಲು ಆ ಹೆಸರಿನ ಸುತ್ತ ಜೋಡಿ ಚೌಕ ಕಂಸ ಹಾಕಿದರೆ ಸಾಕು. ಇಂಗ್ಲಿಷಿನಲ್ಲಿ ‘ಕಾರ್’ ಅನ್ನುವುದಕ್ಕೆ ಕಂಸ ಹಾಕಿ ಹೊರಗೆ ‘ಎಸ್’ ಅಂಟಿಸಿದರೂ ನಡೆಯುತ್ತದೆ. ಕನ್ನಡದಲ್ಲಿ ಮೈಸೂರು ಅನ್ನುವುದು ವಾಕ್ಯದೊಳಗೆ ಹೋದ ಕೂಡಲೇ ಮೈಸೂರಿನಲ್ಲಿ, ಮೈಸೂರಿಗೆ, ಮೈಸೂರಿಂದ ಆಗುತ್ತದೆ. ಕೊನೆಯ ಸ್ವರವೇ ಬದಲು. ‘ಮೈಸೂರಿನಲ್ಲಿ’ ಅಂತ ಪುಟ ಎಲ್ಲಿದೆ? ಹಾಗಾಗಿ ಕಂಸದೊಳಗೆ ನಿಂತ ಗೆರೆ ಹಾಕಿ ಎಡಕ್ಕೆ ಪುಟದ ಹೆಸರು, ಬಲಕ್ಕೆ ಕಾಣಬೇಕಾದ ರೂಪ, ಎರಡನ್ನೂ ಬರೆಯಬೇಕು. ಮರೆತರೆ ಕೊಂಡಿ ಕೆಂಪಾಗುತ್ತದೆ. ಕೆಂಪು ಅಂದರೆ ಅಲ್ಲಿ ಪುಟ ಇಲ್ಲ ಅಂತ. ಆದರೆ ಆ ಕೆಂಪನ್ನು ನಾನು ಬೈಯುವುದಿಲ್ಲ. ಹೆಸರು ಸರಿ ಇದ್ದೂ ಕೆಂಪಾಗಿದ್ದರೆ, ಈ ವಿಷಯದ ಮೇಲೆ ಇನ್ನೂ ಯಾರೂ ಬರೆದಿಲ್ಲ, ನೀವು ಬರೀತೀರಾ ಅಂತ ಕರೆದ ಹಾಗೆ.

ಪದಗಳ ಗೋಜಲೂ ಇದೆ. ಮೆನುವಿನ ಕೊನೆಯಲ್ಲಿ ‘ಸಂಪರ್ಕ’ ಅಂತ ಇರುತ್ತದಲ್ಲ, ಅದನ್ನು ನೀರಿನ ಕಚೇರಿಯ ತಾಣದಲ್ಲಿ ಊಹಿಸಿಕೊಳ್ಳಿ. ಹೊಸ ನಲ್ಲಿ ಸಂಪರ್ಕ ಬೇಕಾದವರು ಅದನ್ನೇ ಒತ್ತುತ್ತಾರೆ. ಸಿಗುವುದು ಕಚೇರಿಯ ಫೋನ್ ನಂಬರು. ‘ಫೋನ್ ಮತ್ತು ವಿಳಾಸ’ ಅಂತ ಬರೆದರೆ ಯಾರಿಗೂ ಗೊಂದಲ ಇಲ್ಲ. ಸ್ವಲ್ಪ ಉದ್ದ ಆಗುತ್ತದೆ, ಆಗಲಿ.

ಈಗ ಎರಡು ನಿಮಿಷ ಕಣ್ಣು ಮುಚ್ಚಿ ಅಂತ ಕೇಳಿಕೊಳ್ಳುತ್ತೇನೆ. ಒಂದು ಪುಟವನ್ನು ಎನ್‌ವಿಡಿಎ ಓದುವುದನ್ನು ಕೇಳಿಸುತ್ತೇನೆ. ಎನ್‌ವಿಡಿಎ ಅನ್ನುವುದು ಕಣ್ಣು ಕಾಣದವರಿಗಾಗಿ ಪರದೆಯನ್ನು ಓದಿ ಹೇಳುವ ತಂತ್ರಾಂಶ. 2006ರಲ್ಲಿ ಆಸ್ಟ್ರೇಲಿಯಾದ ಮೈಕಲ್ ಕರನ್ ಶುರು ಮಾಡಿದ್ದು. ಅವರಿಗೂ ಕಣ್ಣು ಕಾಣುವುದಿಲ್ಲ. ಪುಕ್ಕಟೆ ಸಿಗುತ್ತದೆ, ಕನ್ನಡವನ್ನೂ ಓದುತ್ತದೆ. ಇದನ್ನು ಬಳಸುವವರು ಇಡೀ ಪುಟ ಕೇಳುತ್ತಾ ಕೂರುವುದಿಲ್ಲ. ‘ಕೆ’ ಕೀಲಿ ಒತ್ತಿ ಕೊಂಡಿಯಿಂದ ಕೊಂಡಿಗೆ ನೆಗೆಯುತ್ತಾರೆ. ಪುಟದ ಎಲ್ಲ ಕೊಂಡಿಗಳನ್ನೂ ಪಟ್ಟಿ ಮಾಡಿಸಿಕೊಳ್ಳುತ್ತಾರೆ. ಕೇಳಿ.

(ಇಲ್ಲಿ ಧ್ವನಿ ಕೇಳಿಸಿದೆ: ‘ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ. ಮುಂದೆ ಓದಿ. ಇಲ್ಲಿ ಕ್ಲಿಕ್ ಮಾಡಿ.’ ಸಭೆಯಲ್ಲಿ ನಗು.)

ನಗು ಬರುತ್ತದೆ. ಆದರೆ ಇದು ಎಲ್ಲ ಡಬ್ಬಿಗಳ ಮೇಲೂ ‘ಡಬ್ಬಿ’ ಅಂತಲೇ ಚೀಟಿ ಅಂಟಿಸಿದ ಅಡುಗೆಮನೆ. ‘ಅರ್ಜಿ ಬೇಕಾದರೆ ಇಲ್ಲಿ ಕ್ಲಿಕ್ ಮಾಡಿ’ ಅನ್ನುವುದರ ಬದಲು ‘ಅರ್ಜಿ ನಮೂನೆ’ ಅನ್ನುವ ಪದಕ್ಕೇ ಕೊಂಡಿ ಕೊಡಿ. ಕಣ್ಣು ಕಾಣುವವರಿಗೂ ಇದೇ ಅನುಕೂಲ. ನಾವೂ ಪುಟವನ್ನು ಪೂರ್ತಿ ಓದುವುದಿಲ್ಲ, ಮೇಲೆ ಮೇಲೆ ಕಣ್ಣಾಡಿಸುತ್ತೇವೆ.

ಕಿವಿಯ ವಿಷಯ ಬಂತು ಅಂತ ಇನ್ನೊಂದು ಮಾತು. ಮೆನುವಿನಲ್ಲಿ ಏಳಕ್ಕಿಂತ ಜಾಸ್ತಿ ಇರಬಾರದು ಅಂತ ಒಂದು ನಿಯಮ ಓಡಾಡುತ್ತದೆ. ಇದಕ್ಕೆ ಜಾರ್ಜ್ ಮಿಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು 1956ರಲ್ಲಿ ಬರೆದ ಲೇಖನವನ್ನು ತೋರಿಸುತ್ತಾರೆ. ಏಳು, ಅದಕ್ಕೆ ಎರಡು ಹೆಚ್ಚು ಅಥವಾ ಎರಡು ಕಮ್ಮಿ. ಆದರೆ ಅವರು ಹೇಳಿದ್ದು ಒಮ್ಮೆಗೆ ನೆನಪಲ್ಲಿ ಎಷ್ಟು ನಿಲ್ಲುತ್ತದೆ ಅಂತ. ಹಳೆಯ ಹೋಟೆಲುಗಳಲ್ಲಿ ಮಾಣಿ ಬಂದು ‘ಇಡ್ಲಿ ವಡೆ ಖಾಲಿ ದೋಸೆ ಸೆಟ್ ದೋಸೆ ಪೂರಿ ಉಪ್ಪಿಟ್ಟು ಕೇಸರಿಬಾತ್’ ಅಂತ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದರಲ್ಲ, ಮಿಲ್ಲರ್ ಲೆಕ್ಕ ಬೇಕಾಗುವುದು ಅಲ್ಲಿ. ಕೇಳಿ ಮುಗಿಯುವ ಹೊತ್ತಿಗೆ ಶುರುವಿನದು ಮರೆತಿರುತ್ತದೆ. ಫೋನಿನಲ್ಲಿ ‘ಕನ್ನಡಕ್ಕಾಗಿ ಒಂದನ್ನು ಒತ್ತಿ’ ಅನ್ನುವುದಕ್ಕೂ ಅದು ಸರಿ. ದರ್ಶಿನಿಯ ಗೋಡೆಯ ಮೇಲಿನ ಹಲಗೆಗೆ ಅಲ್ಲ. ಅದರಲ್ಲಿ ನಲವತ್ತು ಬಗೆ ಇರುತ್ತದೆ, ಯಾರೂ ದಾರಿ ತಪ್ಪುವುದಿಲ್ಲ. ದೋಸೆಗಳು ಒಂದು ಕಡೆ, ಬಾತುಗಳು ಒಂದು ಕಡೆ ಇದ್ದರೆ ಸಾಕು. ಕಣ್ಣ ಮುಂದೆ ಇರುವುದನ್ನು ನೆನಪಿಡುವ ಕೆಲಸವೇ ಇಲ್ಲ.

ಆದರೆ ಈಗ ಆ ಹಲಗೆಯನ್ನೇ ಮಡಚಿ ಮೂಲೆಗೆ ಇಟ್ಟಿದ್ದಾರೆ. ಒತ್ತಿದರೆ ಮೆನು ಬಿಚ್ಚಿಕೊಳ್ಳುವ ಮೂರು ಅಡ್ಡಗೆರೆಯ ಗುರುತು ಗೊತ್ತಲ್ಲ, ಹ್ಯಾಂಬರ್ಗರ್ ಅಂತಾರೆ. ಇದು ಹೊಸದಲ್ಲ. 1981ರ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗೆ ನಾರ್ಮ್ ಕಾಕ್ಸ್ ಅನ್ನುವವರು ಬರೆದದ್ದು. ಸ್ಮಾರ್ಟ್‌ಫೋನಿನ ಸಣ್ಣ ಪರದೆಗೆ ಮತ್ತೆ ಹೊರಗೆ ಬಂತು. ಫೋನಿನಲ್ಲಿ ಜಾಗ ಇಲ್ಲ, ಒಪ್ಪುತ್ತೇನೆ. ದೊಡ್ಡ ಪರದೆಯಲ್ಲೂ ಬಚ್ಚಿಡುವುದು ಯಾಕೆ? ಬಚ್ಚಿಟ್ಟ ಮೆನುವನ್ನು ಜನ ಕಡಿಮೆ ಬಳಸುತ್ತಾರೆ ಅಂತ, ಜನ ತಾಣಗಳನ್ನು ಹೇಗೆ ಬಳಸುತ್ತಾರೆ ಅಂತ ಪರೀಕ್ಷಿಸುವ ನೀಲ್ಸನ್ ನಾರ್ಮನ್ ಗ್ರೂಪ್ ಅನ್ನುವ ಸಂಸ್ಥೆ 2016ರಲ್ಲಿ ತೋರಿಸಿತು. ನಮ್ಮ ಅಮ್ಮನನ್ನು ಕೇಳಿದ್ದರೂ ಹೇಳುತ್ತಿದ್ದರು. ಅವರು ಆ ಮೂರು ಗೆರೆಯನ್ನು ಬಹಳ ದಿನ ಸುಮ್ನೆ ಅಲಂಕಾರ ಅಂದುಕೊಂಡಿದ್ದರು.

ಕೊಂಡಿ ಕಳಚಿಕೊಳ್ಳುವ ವಿಷಯವನ್ನು ಹೇಳದೆ ಹೋದರೆ ತಪ್ಪಾಗುತ್ತದೆ. ತಾಣ ಹೊಸದು ಮಾಡುತ್ತಾರೆ, ಹಳೆಯ ವಿಳಾಸಗಳೆಲ್ಲ ಸತ್ತು ಹೋಗುತ್ತವೆ. 2013ರಲ್ಲಿ ಇದ್ದ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ಮೇಲೆ ಸಿಗುತ್ತಿಲ್ಲ ಅಂತ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಕೊಟ್ಟಿತು. ಒಳ್ಳೆಯ ವಿಳಾಸ ಬದಲಾಗಬಾರದು ಅಂತ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು. ಮನೆ ಬದಲಿಸಿದರೆ ಹಳೆಯ ಬಾಗಿಲಿಗೆ ಹೊಸ ವಿಳಾಸದ ಚೀಟಿ ಅಂಟಿಸಿ ಹೋಗುತ್ತೇವೆ. ತಾಣದಲ್ಲೂ ಹಾಗೆ ಮಾಡಬಹುದು, ಕಷ್ಟವೇನಿಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು. ‘ವಾಟ್ಸಾಪಲ್ಲಿ ದಿನಾ ಲಿಂಕ್ ಬರ್ತವೆ. ಯಾವುದನ್ನ ಒತ್ತಬಹುದು, ಯಾವುದನ್ನ ಒತ್ತಬಾರದು, ಅದನ್ನ ಹೇಳಿ ಮೊದಲು.’)

ಸರಿಯಾಗಿ ಕೇಳಿದಿರಿ ಯಜಮಾನರೇ. ಕನ್ನಡದಲ್ಲಿ ಲಿಂಕಿಗೆ ಕೊಂಡಿ ಅಂತ ಹೆಸರಿಟ್ಟವರು ಜಾಣರು. ಸರಪಳಿಗೂ ಕೊಂಡಿ ಇದೆ, ಚೇಳಿಗೂ ಇದೆ.

ಕೊಂಡಿಯ ಮೇಲೆ ಏನು ಬರೆದಿದೆ ಅನ್ನುವುದು ಬೇರೆ, ಅದು ಎಲ್ಲಿಗೆ ಹೋಗುತ್ತದೆ ಅನ್ನುವುದು ಬೇರೆ. ಬರೆದದ್ದನ್ನು ನಂಬಬೇಡಿ, ವಿಳಾಸ ನೋಡಿ. ಕಂಪ್ಯೂಟರಿನಲ್ಲಿ ಕೊಂಡಿಯ ಮೇಲೆ ಮೌಸ್ ಇಟ್ಟರೆ ಕೆಳಗಿನ ಮೂಲೆಯಲ್ಲಿ ವಿಳಾಸ ಕಾಣುತ್ತದೆ. ಫೋನಿನ ಬ್ರೌಸರಿನಲ್ಲಿ ಒತ್ತಿ ಬಿಡಬೇಡಿ, ಒತ್ತಿ ಹಿಡಿಯಿರಿ. ವಾಟ್ಸಾಪಿನಲ್ಲಿ ವಿಳಾಸ ಎದುರಿಗೇ ಇರುತ್ತದೆ.

ಅದನ್ನು ಓದುವುದು ಹೇಗೆ? ಅಂಚೆ ವಿಳಾಸದ ಹಾಗೆ, ಹಿಂದಿನಿಂದ. ಲಕೋಟೆಯ ಮೇಲೆ ಮೊದಲು ಮನೆ, ಆಮೇಲೆ ಬೀದಿ, ಕೊನೆಗೆ ಊರು. ಇಲ್ಲೂ ಹಾಗೇ. ಶುರುವಿನ ಜೋಡಿ ಓರೆಗೆರೆ ಬಿಡಿ. ಆಮೇಲೆ ಬರುವ ಮೊದಲ ಒಂಟಿ ಓರೆಗೆರೆಯ ತನಕ ಹೋಗಿ, ಅಲ್ಲಿಂದ ಹಿಂದಕ್ಕೆ ಓದಿ. ಕೊನೆಯ ತುಂಡುಗಳೇ ಊರು. ಉದಾಹರಣೆಗೆ ನಿಮ್ಮ ಬ್ಯಾಂಕಿನ ಹೆಸರು, ಡಾಟ್, ಕೆವೈಸಿ-ಅರ್ಜೆಂಟ್, ಡಾಟ್ ಕಾಮ್ ಅಂತ ಇದೆ ಅಂದುಕೊಳ್ಳಿ. ಬ್ಯಾಂಕಿನ ಹೆಸರು ಅಲ್ಲಿ ಬರೀ ಮನೆ ನಂಬರು. ಮಾಲೀಕ ‘ಕೆವೈಸಿ-ಅರ್ಜೆಂಟ್’ ಅನ್ನುವವನು, ಅವನು ಯಾರೂ ಆಗಿರಬಹುದು. ಸರ್ಕಾರದ್ದಾದರೆ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯಾ ನೋಡಿ. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಅನ್ನುವ ವಿಳಾಸಕ್ಕೆ ಹೋಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಆ ಎರಡು ತುಂಡು ಕೊನೆಯಲ್ಲೇ ಇರಬೇಕು, ನಡುವೆ ಎಲ್ಲೋ ಇದ್ದರೆ ಲೆಕ್ಕಕ್ಕಿಲ್ಲ.

ನಮ್ಮ ಲಿಪಿಯ ವಿಳಾಸಗಳಲ್ಲಿ ಒಂದು ತಮಾಷೆ ಇದೆ, ಅದಕ್ಕೆ ಹೆದರಬೇಡಿ. ಕನ್ನಡ ವಿಕಿಪೀಡಿಯದ ಕೊಂಡಿಯನ್ನು ಯಾರಾದರೂ ಕಳಿಸಿದರೆ ಕೆಲವು ಸಲ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರ ಕಲಸಿದ ಉದ್ದ ಬಾಲ ಕಾಣುತ್ತದೆ. ವಿಳಾಸದಲ್ಲಿ ಕನ್ನಡದ ಒಂದೊಂದು ಚಿಹ್ನೆಯೂ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಕನ್ನಡ’ ಅನ್ನುವ ಪುಟ್ಟ ಪದಕ್ಕೆ 45. ಆ ಬಾಲ ಒಂಟಿ ಓರೆಗೆರೆ ಆದ ಮೇಲೆ ಬರುವುದು. ನೀವು ನೋಡಬೇಕಾದ ಊರು ಅದಕ್ಕೂ ಮುಂಚೆಯೇ ಮುಗಿದಿರುತ್ತದೆ.

(ಹಿರಿಯರು ನಿಂತಲ್ಲೇ ಜೇಬಿನಿಂದ ಫೋನ್ ತೆಗೆದರು. ಅವತ್ತು ಬೆಳಗ್ಗೆ ಬಂದಿದ್ದ ‘ನಿಮಗೆ ಬಹುಮಾನ ಬಂದಿದೆ’ ಅನ್ನುವ ಸಂದೇಶ ತೆರೆದು, ಕನ್ನಡಕ ಮೇಲೆತ್ತಿ, ವಿಳಾಸವನ್ನು ಹಿಂದಿನಿಂದ ಒಂದೊಂದೇ ತುಂಡಾಗಿ ಗಟ್ಟಿಯಾಗಿ ಓದಿದರು. ‘ಥತ್, ಊರೇ ಬೇರೆ ಇದೆಯಲ್ರೀ’ ಅಂದು ಅಳಿಸಿದರು.)